ಹಾಯಿಕಂಬಕ್ಕೆ ಕಟ್ಟಿದ ಜೋಕಾಲಿ

ನಮ್ಮ ಅತ್ತೆಯವರ ಬಲಗೈ ತೋರುಬೆರಳಿನಲ್ಲಿ, ಮೊದಲ ಗೆಣ್ಣಿನ ಹತ್ತಿರ, ಒಂದು ಗೀರು ಇತ್ತು. ಗಾಯದ ಕಲೆಯಲ್ಲ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ, ನೂಲಿನ ಖಾತೆಯಲ್ಲಿ, ಪ್ರಾಯವನ್ನೆಲ್ಲ ಕಳೆದ ಬೆರಳು ಅದು. ಓಡುವ ಎಳೆ ದಿನವೂ ಅದೇ ಜಾಗದಲ್ಲಿ ಹಾದು ಹಾದು, ಬಾವಿಯ ಕಟ್ಟೆಗಲ್ಲಿನ ಮೇಲೆ ಹಗ್ಗದ ಗುರುತು ಬೀಳುತ್ತದಲ್ಲ, ಹಾಗೆ ಒಂದು ಹಳ್ಳ ತೋಡಿಬಿಟ್ಟಿತ್ತು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅದು ಮುಚ್ಚಿರಲಿಲ್ಲ. ರೊಟ್ಟಿ ಬಡಿಯಲು ಕುಳಿತರೆ ಅದರೊಳಗೆ ಜೋಳದ ಹಿಟ್ಟು ಸೇರಿ ಬಿಳಿಯ ಗೆರೆಯಾಗುತ್ತಿತ್ತು. ಆ ಗೆರೆಯನ್ನು ನಾನು ಹತ್ತಿರದಿಂದ ನೋಡಿದ್ದು ಮದುವೆಯಾಗಿ ಬಹಳ ವರ್ಷಗಳ ನಂತರ, ಕೊಚ್ಚಿಯ ಒಂದು ಮರೀನಾದಲ್ಲಿ, ನಾವು ಮನೆ ಮಾಡಿಕೊಂಡಿದ್ದ ಹಾಯಿದೋಣಿಯ ಒಳಗೆ.

ಹುಕ್ಕೇರಿಯಲ್ಲಿ ಹುಟ್ಟಿ ಮೂಡಲಗಿಗೆ ಕೊಟ್ಟ ಹೆಣ್ಣುಮಗಳು ಸಮುದ್ರದ ಮೇಲೆ ಮನೆ ಹೂಡಿದ್ದು ಹೇಗೆ ಎಂದು ನೀವು ಕೇಳಬಹುದು. ಊರಿನ ಮಂದಿಯೂ ಕೇಳಿದ್ದಾರೆ. ನಮ್ಮವರು ಮೂಡಲಗಿಯಲ್ಲಿ ಪಂಪ್‌ಸೆಟ್ಟಿನ ಇಂಜಿನ್ ರಿಪೇರಿ ಮಾಡಿಕೊಂಡಿದ್ದವರು. ಯಾರದೋ ಮಾತು ಕೇಳಿ ಗೋವಾಕ್ಕೆ ಹೋದರು, ಅಲ್ಲಿ ದೋಣಿಗಳ ಇಂಜಿನ್ ಕೈಗೆ ಹತ್ತಿತು, ಅಲ್ಲಿಂದ ಕೊಚ್ಚಿ. ಅಲ್ಲಿ ಒಬ್ಬ ಪರದೇಶದ ಮುದುಕ ತನ್ನ ಹಾಯಿದೋಣಿಯನ್ನು ನಮ್ಮವರ ಸುಪರ್ದಿಗೆ ಬಿಟ್ಟ. ಅವನು ಬರುವುದು ಚಳಿಗಾಲದಲ್ಲಿ ಒಂದಿಷ್ಟು ದಿನ. ಉಳಿದ ವರ್ಷವೆಲ್ಲ ಅದರೊಳಗೆ ಯಾರಾದರೂ ಇದ್ದು ಬಾಗಿಲು ತೆಗೆದು ಗಾಳಿ ಆಡಿಸಬೇಕು, ಇಂಜಿನ್ ತಿರುಗಿಸಬೇಕು, ಇಲ್ಲದಿದ್ದರೆ ಬೂಸು ಹಿಡಿದು ಹಾಳಾಗುತ್ತದೆ. ಹಾಗೆ ನಾವು ಅದರೊಳಗೆ ಸೇರಿಕೊಂಡೆವು.

ಮರೀನಾ ಅಂದರೆ ದೋಣಿಗಳ ಓಣಿ. ನಡುವೆ ನೀರಿನ ಮೇಲೆ ತೇಲುವ ಉದ್ದನೆಯ ಕಟ್ಟೆ, ಅದರ ಎರಡೂ ಬದಿಗೆ ಗ್ವಾದಲಿಗೆ ಕಟ್ಟಿದ ಎತ್ತುಗಳ ಹಾಗೆ ಸಾಲಾಗಿ ದೋಣಿಗಳು. ದಂಡೆಗೂ ಕಟ್ಟೆಗೂ ನಡುವೆ ಒಂದು ಕಬ್ಬಿಣದ ಸೇತುವೆ. ಚಳಿಗಾಲದಲ್ಲಿ ಜನವೋ ಜನ. ಕೈ ಬೀಸುತ್ತಾರೆ, ನಗುತ್ತಾರೆ, ಎರಡು ದಿನಕ್ಕೆ ಹಗ್ಗ ಬಿಚ್ಚಿಕೊಂಡು ಹೋಗುತ್ತಾರೆ. ಮಳೆಗಾಲ ಬಂತೆಂದರೆ ಎಲ್ಲ ದೋಣಿಗಳಿಗೂ ತಾಡಪತ್ರಿ ಹೊದಿಸಿ ಬೀಗ. ನಾನು ಅಲ್ಲಿಗೆ ಹೋಗಿ ಇಳಿದದ್ದು ಮಿರಗದ ಮಳೆ ಹಿಡಿದ ಮೇಲೆ. ಅಂದರೆ ಓಣಿ ತುಂಬ ಮನೆ, ಒಂದರಲ್ಲೂ ಜನ ಇಲ್ಲ.

ಹೊಂದಿಕೊಳ್ಳಲು ಪ್ರಯತ್ನ ಮಾಡಲಿಲ್ಲ ಎಂದಲ್ಲ. ಸೀರೆಗಳಿಗೆ ಹಸಿರು ಬೂಸು ಬಂದಾಗ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲು ಕಲಿತೆ. ಡಬ್ಬಿಗಳು ಉರುಳದ ಹಾಗೆ ನಡುನಡುವೆ ಬಟ್ಟೆ ತುರುಕಲು ಕಲಿತೆ. ಬಾಗಿ ನಡೆಯಲು ಕಲಿತೆ, ಅದೂ ಹಣೆಗೆ ಎರಡು ಮೂರು ಬುಗುಟು ಎದ್ದ ಮೇಲೆ. ನಮ್ಮವರು ಬೆಳಿಗ್ಗೆ ಆಚೆ ದಂಡೆಯ ವರ್ಕ್‌ಶಾಪಿಗೆ ಹೋದರೆ ಸಂಜೆಗೇ ಬರುವುದು. ಮರೀನಾದ ಕಾವಲುಗಾರನಿಗೆ ಮಲಯಾಳ ಬಿಟ್ಟು ಬೇರೆ ಬಾರದು, ನನಗೆ ಮಲಯಾಳ ಬಾರದು. ಇಡೀ ದಿನ ಗಾಳಿಗೆ ಹಗ್ಗಗಳು ಹಾಯಿಕಂಬಕ್ಕೆ ಬಡಿದು ಟಿಣ್ ಟಿಣ್ ಎನ್ನುವುದೊಂದೇ ಸದ್ದು. ನಾನು ಅಜ್ಜಿಯ ಮಗ್ಗುಲಲ್ಲಿ ಮಲಗಿ, ಓಣಿಯ ಮುದುಕಿಯರ ನಡುವೆ ಕುಳಿತು ಮಾತು ಕಲಿತವಳು. ಮಾತಿಲ್ಲದೆ ಇರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಆ ವರ್ಷ ಪಂಚಮಿ ಹತ್ತಿರ ಬಂದಂತೆ ನನಗೆ ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆಯಬೇಕು, ತವರಿಗೆ ಹೋಗಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಅವ್ವ ಇರುವವರೆಗೆ ಅಣ್ಣ ತಪ್ಪದೆ ಬರುತ್ತಿದ್ದ. ಅವ್ವ ಹೋದ ಮೇಲೆ ಒಂದು ವರ್ಷ ತಪ್ಪಿತು. ಜಗಳವಿಲ್ಲ, ಮುನಿಸಿಲ್ಲ. ಮರುವರ್ಷ ಅದೇ ರೂಢಿಯಾಯಿತು, ಅಷ್ಟೇ. ಮೂಡಲಗಿಯಲ್ಲಿದ್ದಾಗ ನೆಗೆಣ್ಣಿ, ನೆರೆಹೊರೆ ಎಂದು ಹೇಗೋ ಹೊತ್ತು ಹೋಗುತ್ತಿತ್ತು. ಇಲ್ಲಿ ಯಾರು? ನಾನೊಂದು ನಿರ್ಧಾರ ಮಾಡಿದೆ. ಕರೆಯಲಿ ಬಿಡಲಿ, ಪಂಚಮಿಯ ಮರುದಿನ ಹುಕ್ಕೇರಿಗೆ ಹೋಗುವುದು, ಈ ದೋಣಿಗೆ ಮತ್ತೆ ಬರದಿರುವುದು. ಕರೆಯದೆ ತವರಿಗೆ ಹೋಗುವ ಹೆಣ್ಣುಮಗಳನ್ನು ಊರು ಹೇಗೆ ನೋಡುತ್ತದೆಂದು ಗೊತ್ತಿತ್ತು. ಆದರೂ ಚೀಲ ತುಂಬಿ ಹಾಸಿಗೆಯ ಕೆಳಗೆ ಇಟ್ಟೆ. ನಮ್ಮವರಿಗೂ ಹೇಳಿದೆ. ಅವರು ಫೋನ್ ಹಿಡಿದು ಹೊರಗೆ ಹೋದರು. ಮರುದಿನ, "ಅವ್ವ ಬರಾಕತ್ತಾಳ," ಅಂದರು.

ಬೆಳಗಾವಿಯಿಂದ ರೈಲು ಹಿಡಿದು ಅತ್ತೆ ಬಂದರು. ತಲೆಯ ಮೇಲೆ ಸೆರಗು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಒಂದು ಗಂಟು ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಮತ್ತೆ ಅರಭಾವಿಯ ನರ್ಸರಿಯಲ್ಲಿ ಕೊಂಡ ಒಂದು ಕರಿಬೇವಿನ ಸಸಿ. ದೋಣಿಯ ಮುಂದೆ ನಿಂತು ಹೇಳಿಸಿಕೊಳ್ಳದೆ ಚಪ್ಪಲಿ ಬಿಟ್ಟರು. ಒಳಗಿಳಿದು, ಬಾಗದೆಯೇ ಸಲೀಸಾಗಿ ನಡೆದು — ಅಷ್ಟು ಗಿಡ್ಡ ಇದ್ದರು — ಈ ಗೋಡೆಯಿಂದ ಆ ಗೋಡೆಗೆ ಗೇಣು ಹಾಕಿ ನೋಡಿದರು.

"ಇದನ್ನ ಸಣ್ಣದಂತಿಯೇನು? ಗಿರಣಿ ಚಾಳಿನ್ಯಾಗ ಇದರ ಅರ್ಧಾ ಖೋಲ್ಯಾಗ ನಿನ್ನ ಗಂಡನ್ನ, ಅವರಣ್ಣನ್ನ ಹಡದ ದೊಡ್ಡವರನ್ನ ಮಾಡೇನಿ. ಮ್ಯಾಲ ನಮ್ಮತ್ತಿನೂ ಇದ್ಲು," ಅಂದರು. ಆಮೇಲೆ ಕಿವಿಗೊಟ್ಟು, "ಅಲ್ಲಬೇ, ಇಷ್ಟ ನೀರದಾವು, ಒಂದ ಸಪ್ಪಳಾ ಇಲ್ಲಲ್ಲ?" ಎಂದು ಕೇಳಿದರು. ಮಳೆಗಾಲದಲ್ಲಿ ಫಾಲ್ಸಿನ ಭೋರ್ಗರೆತ ಕೇಳುತ್ತ ಬಾಳಿದವರು. ಸದ್ದಿಲ್ಲದ ನೀರನ್ನು ಅವರು ಕಡೆಯವರೆಗೂ ಪೂರ್ತಿ ನಂಬಲಿಲ್ಲ.

ಬಂದ ದಿನವೇ ಒಂದು ಕೆಲಸ ಮಾಡಿದರು. ನಾನು ಮಧ್ಯಾಹ್ನ ಪೇಟೆಗೆ ಹೋಗಿ ಬರುವಷ್ಟರಲ್ಲಿ ದೋಣಿ ಒಂದು ಕಡೆಗೆ ವಾಲಿತ್ತು. ಒಳಗೆ ಬಂದು ನೋಡಿದರೆ ಕೊಡ, ಬಕೀಟು, ಪಾತೇಲಿ, ಪರದೇಶದ ಮುದುಕನ ಗಾಜಿನ ಹೂದಾನಿ, ಎಲ್ಲದರಲ್ಲೂ ನೀರು. ಎಲ್ಲವನ್ನೂ ಒಲೆಯ ಬದಿಗೆ ಸಾಲಾಗಿ ಜೋಡಿಸಿದ್ದಾರೆ. ಕೈಚೀಲದಿಂದ ತೆಗೆದಿಟ್ಟ ನಿಂಬೆಹಣ್ಣು ತಾನೇ ಉರುಳಿಕೊಂಡು ಆ ಕಡೆ ಹೋಯಿತು.

"ಇದೇನ್ರಿ ಅತ್ತಿ?"

"ಕಾಲವಿ ಬಂದ್ ಮಾಡ್ಯಾರ ನೋಡ. ಮುಂಜಾನೆ ಆ ಕಬ್ಬಿಣದ ಸೇತುವಿ ಸಪಾಟ ಇತ್ತು. ಈಗ ನೋಡಿಲ್ಲಿ, ಏಣಿ ಆಗೈತಿ. ನೀರ ಸರ್ರಂತ ಇಳದಾವು. ಮುಂದಿನ ಪಾಳಿ ಯಾವಾಗ ಬರತೈತೋ ಏನೋ. ಇದ್ದಾಗ ತುಂಬಿಟ್ಕೋಬೇಕು."

ಹಿಡಕಲ್ ಡ್ಯಾಮಿನ ಕಾಲುವೆಯ ಪಾಳಿ ನೋಡಿಕೊಂಡು ಬದುಕಿದ ಸೀಮೆಯವರು ನಾವು. ನೀರು ಇಳಿಯಿತೆಂದರೆ ಎಲ್ಲೋ ಯಾರೋ ಗೇಟು ಇಳಿಸಿದ್ದಾರೆ ಎಂದೇ ಅರ್ಥ. "ಅದು ಕಾಲವಿ ಅಲ್ರಿ, ಸಮುದ್ರರಿ. ದಿನಾ ಇಳೀತಾವು, ದಿನಾ ಏರತಾವು. ನಳದ ನೀರಿಗೂ ಅದಕ್ಕೂ ಸಂಬಂಧ ಇಲ್ರಿ," ಎಂದು ನಾನು ಹೇಳಿದೆ.

"ಯಾರ ಬಿಡತಾರ ಅದನ್ನ?"

"ಯಾರೂ ಬಿಡೂದಿಲ್ರಿ. ಚಂದ್ರನ ಸಲುವಾಗಿ ಅಂತಾರ."

ಅತ್ತೆ ಸೇತುವೆಯ ಕಡೆ ಇಣುಕಿ ನೋಡಿದರು. "ಹಂಗಾರ ಅಂವಾ ಪಾಳಿ ತಪ್ಪಸೂದಿಲ್ಲ ಬಿಡು," ಎಂದು ಒಂದೊಂದೇ ಪಾತ್ರೆ ಎತ್ತಿ ಹೊರಗೆ ಚೆಲ್ಲತೊಡಗಿದರು. ನಾನು ನಕ್ಕೆ. ಆ ದೋಣಿಯೊಳಗೆ ನನ್ನ ನಗೆಯನ್ನು ನಾನು ಕೇಳಿದ್ದು ಅದೇ ಮೊದಲು. ಬೇರೆ ಯಾರೋ ನಕ್ಕ ಹಾಗಿತ್ತು. ಅಲ್ಲಿಂದ ಮುಂದೆ ದಿನವೂ ಎದ್ದ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ: "ಸಮುದ್ರ ಯಾವ ಪಾಳ್ಯಾಗ ಐತಿ?"

ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುತ್ತಿದ್ದರು. ದೊಡ್ಡ ದೋಣಿಯೊಂದು ಹಾದುಹೋಗಿ ಅಲೆ ಬಂದರೆ ನಾವಿಬ್ಬರೂ ಗೋಡೆ ಹಿಡಿಯುತ್ತಿದ್ದೆವು. ಅವರು ಹಿಡಿಯುತ್ತಿರಲಿಲ್ಲ. ಬೀಳುತ್ತೀರಿ ಎಂದರೆ, "ನಾ ಅಲಗ್ಯಾಡಿದ್ರ ಅಂವನೂ ಅಲಗ್ಯಾಡತಾನ, ಕೂಡೇ ಅದೀವಿ," ಅನ್ನುತ್ತಿದ್ದರು. ಮಾತು ಕಡಿಮೆ. ಗಿರಣಿಯ ಗದ್ದಲದಲ್ಲಿ ಕೈಸನ್ನೆಯಲ್ಲೇ ಮಾತಾಡಿ ರೂಢಿಯಾದವರು. ಕಾವಲುಗಾರನ ಜೊತೆ ಎರಡೇ ದಿನದಲ್ಲಿ ಕೈಸನ್ನೆಯಲ್ಲೇ ಅವನ ಹೆಂಡತಿ, ಮಕ್ಕಳು, ಮಂಡಿನೋವು ಎಲ್ಲ ತಿಳಿದುಕೊಂಡಿದ್ದರು.

ಹಾಸಿಗೆಯ ಕೆಳಗಿನ ಚೀಲವನ್ನು ಅವರು ಕಸ ಗುಡಿಸುವಾಗ ನೋಡಿದರು. ಅದನ್ನು ಎತ್ತಿ, ಕೆಳಗೆ ಗುಡಿಸಿ, ಮತ್ತೆ ಅಲ್ಲಿಯೇ ಇಟ್ಟರು. ಆಮೇಲೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಅಣ್ಣ ಫೋನ್ ಮಾಡಿದ್ನೇನು?" ಎಂದು ಕೇಳಿದರು.

"ಇಲ್ರಿ."

"ಎಳಿ ಹರದಿರತೈತಿ. ಖಾತ್ಯಾಗ ದಿನಾ ಹರೀತಿದ್ವು. ಅದಕ್ಕ ಯಾರೂ ಅಳತಿದ್ದಿಲ್ಲ, ಮಷಿನ್ ಬಂದ್ ಮಾಡತಿದ್ದಿಲ್ಲ. ಗಂಟ ಹಾಕತಿದ್ವಿ."

ಅಷ್ಟೇ. ನನ್ನ ಅಣ್ಣನನ್ನು ಅವರು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನಾನು ಅವನ ಪರ ವಹಿಸಿ ಜಗಳವಾಡುತ್ತಿದ್ದೆನೇನೋ.

ಪಂಚಮಿಯ ಹಿಂದಿನ ದಿನ ಊರಲ್ಲಿ ರೊಟ್ಟಿ ಹಬ್ಬ. ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿ ಹಂಚಬೇಕು. ಇಲ್ಲಿ ಯಾರಿಗೆ ಹಂಚುವುದು? ಅತ್ತೆ ಕಾವಲುಗಾರನಿಗೆ ಒಂದು ಬುತ್ತಿ ಕಟ್ಟಿದರು. ಆಮೇಲೆ ಬಾಣಲೆಯಲ್ಲಿ ಜೋಳ ಹುರಿದು ಅಳ್ಳು ಮಾಡಲು ಕುಳಿತರು. ಆ ಇಕ್ಕಟ್ಟಿನಲ್ಲಿ ಅಳ್ಳು ಪಟಪಟ ಸಿಡಿದು ಮೂಲೆಮೂಲೆಗೆ ಹಾರಿ, ನೆಲದ ಹಲಗೆಗಳ ಸಂದಿಯಲ್ಲಿ ಇಳಿದುಹೋಯಿತು. ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಗೆ ಹಾಕುವ ಪಂಪೊಂದು ಇರುತ್ತದೆ. ಸಂಜೆ ಅದು ತಾನಾಗಿ ಚಾಲೂ ಆದಾಗ, ದೋಣಿಯ ಬಗಲಿನ ತೂತಿನಿಂದ ನೀರಿನ ಜೊತೆ ಬಿಳಿಬಿಳಿ ಅಳ್ಳು ಬಂದು ಸಮುದ್ರದ ಮೇಲೆ ತೇಲಿತು. ಕೆಲಸದಿಂದ ಬಂದ ನಮ್ಮವರು ಪಂಪನ್ನು ಬಿಚ್ಚಿ ಕುಳಿತುಕೊಂಡು, "ಅವ್ವಾ, ದೋಣಿಗೂ ಪಂಚಮಿ ಮಾಡಿಸಿದೇನ?" ಅಂದರು. ನಾನು ಮಾತ್ರ ಮೆಟ್ಟಿಲ ಮೇಲೆ ಫೋನ್ ಹಿಡಿದು ಕುಳಿತಿದ್ದೆ. ಒಳಗೆ ಸಿಗ್ನಲ್ ಸರಿಯಾಗಿ ಬರುತ್ತಿರಲಿಲ್ಲ. ಕತ್ತಲಾಗುವವರೆಗೂ ಅಣ್ಣನ ಫೋನ್ ಬರಲಿಲ್ಲ.

ಪಂಚಮಿಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ತಾಯಿ ಮಗ ಇಬ್ಬರೂ ಬೇಗ ಎದ್ದು ಮುಂದಿನ ಭಾಗದಲ್ಲಿ ಏನೋ ಸದ್ದು ಮಾಡುತ್ತಿದ್ದರು. ನಾನು ಏಳುವ ಮನಸ್ಸಿಲ್ಲದೆ ಮಲಗಿಯೇ ಇದ್ದೆ. ನಮ್ಮವರು ಕೆಲಸಕ್ಕೆ ಹೊರಟು ಹೋದರು. ಎದ್ದು ನೋಡಿದರೆ ಅತ್ತೆ ಇಲ್ಲ. ಅವರ ಚಪ್ಪಲಿ ಇಲ್ಲ, ಅವರ ಚೀಲವೂ ಇಲ್ಲ. ನನಗೆ ಗಾಬರಿಯಾಯಿತು. ಹೊರಗೆ ಬಂದು ನಿಂತೆ.

ದಂಡೆಯ ಕಡೆಯಿಂದ, ಆ ಕಬ್ಬಿಣದ ಸೇತುವೆ ಇಳಿದು, ಅವರು ಒಬ್ಬರೇ ಬರುತ್ತಿದ್ದರು. ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಕೈಯಲ್ಲಿ ಚೀಲ ಹಿಡಿದು, ದೂರದ ಊರಿನಿಂದ ಬಸ್ಸಿಳಿದು ಬಂದವರ ಹಾಗೆ. ತಾಡಪತ್ರಿ ಹೊದ್ದ ಒಂದೊಂದು ದೋಣಿಯ ಮುಂದೂ ನಿಂತು ಇದೋ ಅಲ್ಲವೋ ಎಂದು ನೋಡಿದರು. ನಮ್ಮ ದೋಣಿಯ ಮುಂದೆ ಬಂದು, ನನ್ನನ್ನು ಗುರುತೇ ಇಲ್ಲದವರ ಹಾಗೆ ನೋಡಿ ಕೇಳಿದರು:

"ಹುಕ್ಕೇರಿ ಮಗಳ ಮನಿ ಇದ ಏನ್ರಿ?"

ಹೌದೆಂದು ತಲೆಯಾಡಿಸಿದೆ.

"ಪಂಚಮಿಗೆ ಕರಿಯಾಕ ಬಂದೇನ್ರಿ. ಆಕಿ ಅತ್ತಿ ಭಾಳ ಕೆಟ್ಟಾಕಿ ಅಂತ ಕೇಳೇನಿ. ಕಳಸತಾಳೋ ಇಲ್ಲೋ?"

"ಕಳಸತಾರ್ರಿ," ಅಂದೆ.

"ಹಂಗಾರ ಕಾಲಿಗಿ ನೀರ ಕೊಡವಾ, ನಿಂತ ಎಷ್ಟೊತ್ತಾತು."

ನಾನು ಒಳಗೆ ಓಡಿ ಚರಿಗೆಯಲ್ಲಿ ನೀರು ತಂದು ಕೊಟ್ಟೆ. ಕಟ್ಟೆಯ ಮೇಲೆ ನಿಂತು ಕಾಲು ತೊಳೆದುಕೊಂಡರು. ಬೆಲ್ಲ, ನೀರು ತಂದೆ. ಬೆಲ್ಲ ಕಡಿದು ನೀರು ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಡಿ, ಲಗೂ ನಡಿ. ಹಾದಿ ದೂರ ಐತಿ," ಎಂದು ನನ್ನ ಕೈ ಹಿಡಿದರು.

ಬೆರಳಿನ ಆ ಗೀರು ನನ್ನ ಅಂಗೈಗೆ ತಾಗಿತು.

ಕರೆದುಕೊಂಡು ಹೋದದ್ದು ದೋಣಿಯ ಮುಂದಿನ ತುದಿಗೆ. ದೋಣಿಯ ಅಂಚಿಗುಂಟ ಬಿಗಿದ ತಂತಿ ಹಿಡಿದು ಹುಷಾರಾಗಿ ಹತ್ತು ಹೆಜ್ಜೆ ಇಟ್ಟರೆ ಮುಗಿಯುವ ಹಾದಿ. ಅಲ್ಲಿ ಹಾಯಿಕಂಬದ ತುದಿಯಿಂದ ಎರಡು ಹಗ್ಗ ಇಳಿಬಿಟ್ಟು, ಹಾಸಿಗೆಯಡಿಯ ಹಲಗೆಯೊಂದನ್ನು ಕಟ್ಟಿ ಜೋಕಾಲಿ ಮಾಡಿದ್ದರು. ಒಂದು ಹಗ್ಗ ಸಾಲದೆ ಅದಕ್ಕೆ ಇನ್ನೊಂದನ್ನು ಜೋಡಿಸಿದ್ದರು. ಆ ಗಂಟು ನೋಡಿದರೆ ಗೊತ್ತಾಗುತ್ತಿತ್ತು. ಹರಿದ ನೂಲಿಗೆ ಹಾಕುವ ಗಿರಣಿಯ ಗಂಟು, ಚಿಕ್ಕದು, ಬಿಗಿ. ಮಗ ತನ್ನ ಭಾರ ಹಾಕಿ ಜೋತಾಡಿ ನೋಡಿ, ಗಟ್ಟಿ ಇದೆ ಎಂದು ಹೇಳಿಯೇ ಕೆಲಸಕ್ಕೆ ಹೋಗಿದ್ದನಂತೆ.

"ಹಿಂದಿಂದು ನಿನ್ನ ಗಂಡನ ಮನಿ," ಅಂದರು ಅತ್ತೆ. "ಇದು ತವರಮನಿ. ಇಲ್ಲಿ ನೀ ಕೆಲಸಾ ಮಾಡಬ್ಯಾಡ. ಕುಂದ್ರು."

ಕುಳಿತೆ. ಅವರು ಬೆನ್ನಿಗೆ ಕೈಯಿಟ್ಟು ತೂಗಿದರು. ಬೇವಿನ ಮರದ ಜೋಕಾಲಿಯ ಹಾಗಲ್ಲ ಅದು. ಕಂಬ ಎತ್ತರ, ಹಗ್ಗ ಉದ್ದ, ಜೋಕಾಲಿಗೆ ಹೋಗಿ ಬರಲು ಬಹಳ ಪುರುಸೊತ್ತು. ನನ್ನ ಜೊತೆ ದೋಣಿಯೂ ಸಣ್ಣಗೆ ತೂಗುತ್ತಿತ್ತು. ಕಾಲ ಕೆಳಗೆ ನೀರು, ನೀರ ಮೇಲೆ ನಿನ್ನೆಯ ಅಳ್ಳು ಇನ್ನೂ ಅಲ್ಲಲ್ಲಿ. ನನಗೆ ಅವ್ವನ ನೆನಪಾಗಿ ಕಣ್ಣು ತುಂಬಿತು. ಅವರು ಹಿಂದೆ ಇದ್ದರಲ್ಲ, ಕಾಣಲಿಲ್ಲ. ಉಂಡಿಯೊಂದನ್ನು ನನ್ನ ಬಾಯಿಗೆ ಹಿಡಿದರು, ಅಷ್ಟೇ.

"ನೀವೂ ಕುಂದರ್ರಿ ಅತ್ತಿ, ನಾ ತೂಗತೇನಿ," ಅಂದೆ.

"ನಾ ಕರಿಯಾಕ ಬಂದಾಕಿ. ಕರಿಯಾಕ ಬಂದವರು ಜೋಕಾಲಿ ಆಡತಾರೇನು?" ಎಂದು ಇನ್ನಷ್ಟು ಜೋರಾಗಿ ತೂಗಿದರು.

ಸಂಜೆ ಹಾಸಿಗೆಯಡಿಯ ಚೀಲ ಬಿಚ್ಚಿ ಸೀರೆಗಳನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟೆ. ಅತ್ತೆ ನೋಡಿದರು. "ಚೀಲ ಖಾಲಿ ಆತಲ್ಲ, ನಂಗ ಕೊಡು. ನಂದು ಹರದೈತಿ," ಅಂದರು. ಅದೇ ಚೀಲದಲ್ಲಿ ತಮ್ಮ ಸೀರೆ ತುಂಬಿಕೊಂಡು ಊರಿಗೆ ಹೋದರು.

ಮರುವರ್ಷವೂ ಬಂದರು. ಮತ್ತೆ ದಂಡೆಗೆ ಹೋಗಿ, ಮತ್ತೆ ಸೇತುವೆ ಇಳಿದು ಬಂದು, ಮತ್ತೆ ಅದೇ ಮಾತು ಕೇಳಿದರು. ಅದರ ಮುಂದಿನ ವರ್ಷ ಮಂಡಿ ಹಿಡಿದುಕೊಂಡಿತ್ತು, ರೈಲು ಹತ್ತಲಾಗಲಿಲ್ಲ. ಪಂಚಮಿಯ ಬೆಳಿಗ್ಗೆ ಫೋನ್ ಮಾಡಿ, ಕುಶಲ ಕೇಳದೆ, ನೇರವಾಗಿ "ಹುಕ್ಕೇರಿ ಮಗಳ ಮನಿ ಏನ್ರಿ?" ಅಂದರು. ನಾನು ಫೋನ್ ಹಿಡಿದುಕೊಂಡೇ ಮುಂದಿನ ತುದಿಗೆ ಹೋದೆ. ಜೋಕಾಲಿಯಲ್ಲಿ ಕುಳಿತೆನೋ ಇಲ್ಲವೋ ಎಂದು ಕೇಳಿ ಖಾತ್ರಿ ಮಾಡಿಕೊಂಡರು. "ಸಮುದ್ರ ಯಾವ ಪಾಳ್ಯಾಗ ಐತಿ?" ಎಂದೂ ಕೇಳಿದರು. ಏರುತ್ತಿದೆ ಎಂದೆ. "ಚಲೋ ಆತು," ಅಂದರು. ಹಬ್ಬಕ್ಕಷ್ಟೇ ಅಲ್ಲ, ಓಣಿಯಲ್ಲಿ ಜನವಿಲ್ಲದ ಮಳೆಗಾಲದ ದಿನಗಳಲ್ಲಿ, ಎದೆ ಭಾರವಾದಾಗ, ನಾನು ಹಾಗೆ ಎದ್ದು ಮುಂದಿನ ತುದಿಗೆ ಹೋಗಿ ಕುಳಿತು ಬರುತ್ತಿದ್ದೆ. ಒಂಟಿತನ ಹೋಯಿತು ಎಂದು ಹೇಳಲಾರೆ. ಹೋಗಿ ಬರಲು ಒಂದು ಜಾಗ ಇತ್ತು.

ಅದೇ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಊರಿನಿಂದ ಭಾವನವರ ಫೋನ್ ಬಂತು. ಅತ್ತೆ ಲಿಂಗಪೂಜೆಗೆ ಕುಳಿತವರು ಕುಳಿತ ಹಾಗೆಯೇ ಹೋಗಿದ್ದರು.

ನಾವು ಮೂಡಲಗಿ ಮುಟ್ಟುವಷ್ಟರಲ್ಲಿ ಅವರಿಗೆ ಸ್ನಾನ ಮಾಡಿಸಿ, ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಕಳಿಸುತ್ತೇವೆ. ಬೀಳದ ಹಾಗೆ ಬಟ್ಟೆಯಿಂದ ಸುತ್ತಿ ಕಿಟಕಿಯ ಸರಳಿಗೆ ಕಟ್ಟಬೇಕಿತ್ತು. ಬಟ್ಟೆ ಸಾಲಲಿಲ್ಲ. ನೆಗೆಣ್ಣಿ ಇನ್ನೊಂದು ತುಂಡು ತಂದಳು. ಅವೆರಡನ್ನೂ ನಾನು ಜೋಡಿಸಿದೆ, ಅವರಿಂದಲೇ ಕಲಿತ ಗಿರಣಿಯ ಗಂಟು ಹಾಕಿ. ಹಣೆಗೆ, ತೋಳಿಗೆ, ಕೈಗಳಿಗೆ ವಿಭೂತಿ ಹಚ್ಚಿದರು. ಬಲಗೈಯ ತೋರುಬೆರಳಿನ ಗೀರಿನೊಳಗೆ ವಿಭೂತಿ ಸೇರಿ ಬಿಳಿಯ ಗೆರೆಯಾಯಿತು. ಈಗಷ್ಟೇ ರೊಟ್ಟಿ ಬಡಿದು ಎದ್ದವರ ಹಾಗೆ.

ಹುಕ್ಕೇರಿಯಿಂದ ಅಣ್ಣನೂ ಬಂದಿದ್ದ. ತಲೆಗೆ ಟವೆಲ್ ಸುತ್ತಿಕೊಂಡು ಗಂಡಸರ ಜೊತೆ ನಿಂತಿದ್ದ. "ಆರಾಮ ಅದೀಯಿಲ್ಲವಾ?" ಅಂದ. "ಅದೇನಿ," ಅಂದೆ. ಟವೆಲ್ ಬಿಗಿದುಕೊಂಡು ಮತ್ತೆ ಗಂಡಸರ ಕಡೆ ನಡೆದ.

ಬಿದಿರಿಗೆ ಹೂವು ಕಟ್ಟಿ ಮಾಡಿದ ವಿಮಾನದಲ್ಲಿ ಅವರನ್ನು ಕೂರಿಸಿ ಹೆಗಲಿಗೆ ಎತ್ತಿದರು. ಓಣಿಯ ನೆಲ ಏರುತಗ್ಗು. ಹೊತ್ತವರ ಹೆಜ್ಜೆಗೆ ವಿಮಾನ ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತ ಹೋಯಿತು. ನಾನು ಹಿಂದೆ ನಡೆಯುತ್ತ ಅದನ್ನೇ ನೋಡುತ್ತಿದ್ದೆ. ನಿಂತು ನನ್ನನ್ನು ತೂಗಿದವರು ಅಂದು ಕೂತಿದ್ದರು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಏನು ಸೊಸೆ ಇವಳು ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪಿಲ್ಲ.

ಉಳಿದ ಕಾರ್ಯಗಳಿಗೆ ನಮ್ಮವರು ಅಲ್ಲಿಯೇ ಉಳಿದರು. ದೋಣಿಯನ್ನು ಬಹಳ ದಿನ ಮುಚ್ಚಿಡುವಂತಿರಲಿಲ್ಲ. ನಾನು ಮುಂಚೆ ಹೊರಟು ಬಂದೆ. ಕೊಚ್ಚಿಯಲ್ಲಿ ಇಳಿದಾಗ ಸಂಜೆ. ನೀರು ಇಳಿದಿತ್ತು, ಸೇತುವೆ ಏಣಿಯಾಗಿತ್ತು. ಚೀಲ ಹಿಡಿದುಕೊಂಡು ನಿಧಾನ ಇಳಿದೆ. ಆ ಚೀಲ ಅವರದು, ಮೊದಲು ನನ್ನದಾಗಿದ್ದದ್ದು. ನೆಗೆಣ್ಣಿ ಅದರಲ್ಲೇ ಹಿಟ್ಟು ತುಂಬಿ ಕೊಟ್ಟಿದ್ದಳು. ನಮ್ಮ ದೋಣಿಯ ಮುಂದೆ ಬಂದು ನಿಂತೆ. ಒಳಗೆ ದೀಪವಿಲ್ಲ. ಅಲ್ಲಿಯೇ ಚಪ್ಪಲಿ ಬಿಟ್ಟು, ಯಾರಿಗೂ ಕೇಳಿಸದ ಹಾಗೆ, ಸಣ್ಣ ದನಿಯಲ್ಲಿ ಕೇಳಿದೆ:

"ಹುಕ್ಕೇರಿ ಮಗಳ ಮನಿ ಇದ ಏನ್ರಿ?"

ಕಟ್ಟಿದ ಹಗ್ಗ ಜಗ್ಗಿಕೊಂಡು ದೋಣಿ ತಾನೇ ಸ್ವಲ್ಪ ಹತ್ತಿರ ಬಂತು. ಕಟ್ಟೆಯ ನಳ ತಿರುಗಿಸಿ ಕಾಲು ತೊಳೆದುಕೊಂಡೆ. ಹತ್ತಿ, ಬಾಗಿಲು ತೆಗೆಯದೆ, ಅಂಚಿನ ತಂತಿ ಹಿಡಿದು ಮುಂದಿನ ತುದಿಗೆ ಹೋದೆ. ತವರು ಮುಟ್ಟಿದ ಮೇಲೆ ಹೆಣ್ಣುಮಕ್ಕಳು ಅಳುತ್ತಾರಲ್ಲ, ಆಗ ಅಳು ಬಂತು.